ಗಜವೂ ಗಜಕಾರನೂ

ಗಾಯನವನ್ನು ಕೇಳಿ ಮನೆಗೆ ಮರಳಿದವರು ಗವಾಯಿಯ ಕಂಠವನ್ನು ಹೊಗಳುತ್ತಾರೆ, ತಬಲೆಯವನ ಕೈಯನ್ನು ಮೆಚ್ಚುತ್ತಾರೆ, ತಂಬೂರಿಯು ಮಿರಜಿಯದೇ ಎಂದು ವಿಚಾರಿಸುತ್ತಾರೆ. ಪಿಟೀಲಿನವನ ಬಲಗೈಯಲ್ಲಿ ಎರಡು ತಾಸು ಹಿಂದೆ ಮುಂದೆ ಓಡಾಡಿದ ಕಡ್ಡಿಯನ್ನು ಕುರಿತು ಮಾತ್ರ ಯಾರೂ ಒಂದು ಮಾತನ್ನಾಡುವದಿಲ್ಲ. ವಾದ್ಯವನ್ನು ರೇಶಿಮೆಯ ಬಟ್ಟೆಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಡುವವರು ಕೂಡ ಆ ಕಡ್ಡಿಯನ್ನು ಮುಚ್ಚಳದ ಸಂದಿಗೆ ಸಿಕ್ಕಿಸಿ ಮರೆತುಬಿಡುವರು. ಕೂದಲು ಸವೆದರೆ ಅದನ್ನು ಮೂಲೆಗೆ ಎಸೆದು ಪೇಟೆಯಿಂದ ಮತ್ತೊಂದನ್ನು ತರುವರು. ಕೂದಲನ್ನಷ್ಟೇ ಬದಲಿಸಿ ಅದೇ ಕಡ್ಡಿಯನ್ನು ನೂರು ವರ್ಷ ಬಳಸಬಹುದೆಂಬದು ನಮ್ಮಲ್ಲಿ ಹಲವರಿಗೆ ತಿಳಿದೇ ಇಲ್ಲ.

ನಮ್ಮ ಕಡೆಯ ಸಾರಂಗಿಯವರು ಈ ಕಡ್ಡಿಗೆ ‘ಗಜ’ ಎನ್ನುವರು. ಮೈಸೂರ ಕಡೆಯವರು ‘ಕಮಾನು’ ಎನ್ನುವರು. ಎರಡೂ ಪಾರಸೀ ಶಬ್ದಗಳೇ. ಒಂದಕ್ಕೆ ಅಳತೆಯ ಗಜವೆಂದೂ ಇನ್ನೊಂದಕ್ಕೆ ಬಿಲ್ಲೆಂದೂ ಅರ್ಥ. ಗಜವೆಂದರೆ ಆನೆಯಲ್ಲವೇ ಎಂದು ಪಾಠಶಾಲೆಯ ಹುಡುಗರು ನಕ್ಕದ್ದುಂಟು. ಆ ಸಂಸ್ಕೃತ ಗಜಕ್ಕೂ ಇದಕ್ಕೂ ಸಂಬಂಧವಿಲ್ಲ. ಈ ಲೇಖನದಲ್ಲಿ ನಾನು ನಮ್ಮೂರ ಶಬ್ದವನ್ನೇ ಬಳಸುವೆನು.

ಫ್ರಾನ್ಸ ದೇಶದಲ್ಲಿ ಈ ಗಜದ ಯೋಗ್ಯತೆಯೇ ಬೇರೆ. ಅಲ್ಲಿ ನೂರೈವತ್ತು ವರ್ಷಗಳ ಹಿಂದಿನ ಒಂದು ವಿಯೋಲಾ ಗಜವನ್ನು ವಾದ್ಯದಿಂದ ಬೇರೆಯಾಗಿಯೇ ಕೊಳ್ಳುವರು, ಬೇರೆಯಾಗಿಯೇ ಪರೀಕ್ಷಿಸುವರು. ಅದನ್ನು ಮಾಡಿದವನು ಯಾರೆಂಬುದರ ಮೇಲೆಯೇ ಅದರ ಬೆಲೆ ನಿಲ್ಲುವದು. ಗಜವನ್ನು ಮಾಡುವವನು ಬೇರೆ, ವಾದ್ಯವನ್ನು ಮಾಡುವವನು ಬೇರೆ. ಇವು ಎರಡು ಕಸಬುಗಳೆಂದು ಆ ದೇಶದವರು ಬಹು ಕಾಲದಿಂದ ಎಣಿಸುತ್ತ ಬಂದಿರುವರು. ವಿಯೋಲಾ ಎಂಬದು ಪಿಟೀಲಿನ ಅಣ್ಣನೆನ್ನಬಹುದಾದ ವಾದ್ಯ. ಆಕಾರವು ಅದೇ, ಗಾತ್ರವು ತುಸು ದೊಡ್ಡದು, ಶ್ರುತಿಯು ಐದು ಸ್ವರ ಕೆಳಗೆ. ಪಾಶ್ಚಾತ್ಯ ಮೇಳದಲ್ಲಿ ಅದು ಹೆಚ್ಚಾಗಿ ನಡುವಿನ ಸ್ವರವನ್ನು ತುಂಬುವದು. ಮುಂದೆ ಬಂದು ಮೆರೆಯುವದು ಕಡಿಮೆ. ದಪ್ಪ ತಂತಿಗಳನ್ನು ಎಚ್ಚರಿಸಬೇಕಾದುದರಿಂದ ಅದರ ಗಜವು ಸ್ವಲ್ಪ ಭಾರ. ಪಿಟೀಲಿನ ಗಜವು ಸುಮಾರು ೬೦ ಗ್ರಾಂ ತೂಗಿದರೆ ವಿಯೋಲಾದ್ದು ೭೦ರ ಆಸುಪಾಸಿನಲ್ಲಿರುವದು. ಹತ್ತು ಗ್ರಾಂ ಎಂದರೆ ಒಂದು ತೊಲೆಯೂ ಅಲ್ಲ. ಆದರೆ ಗಜ ಹಿಡಿಯುವ ಬೆರಳುಗಳಿಗೆ ಅದು ದೊಡ್ಡ ಅಂತರ. ವಿಯೋಲಾ ನುಡಿಸುವವರ ಸಂಖ್ಯೆ ಎಂದೂ ಕಡಿಮೆಯಾದುದರಿಂದ ಅದಕ್ಕಾಗಿ ಮಾಡಿದ ಗಜಗಳೂ ಕಡಿಮೆ. ಆದ್ದರಿಂದಲೇ ಹಳೆಯ ವಿಯೋಲಾ ಗಜವು ದುರ್ಲಭವಾದದ್ದು.

ಇಂಥದೊಂದು ಗಜವನ್ನು ಬಿಡಿಸಿ ನೋಡಿದರೆ ಅದರಲ್ಲಿರುವದು ಬಹಳ ಸ್ವಲ್ಪ. ಎರಡು ಅಡಿಗಿಂತ ತುಸು ಉದ್ದವಾದ ಕೆಂಗಂದು ಬಣ್ಣದ ಕಡ್ಡಿ. ಅದರ ಮುಂದಿನ ತುದಿಯಲ್ಲಿ ಅದೇ ಮರದಲ್ಲಿ ಕೆತ್ತಿದ ಚಿಕ್ಕ ತಲೆ. ಹಿಂದಿನ ತುದಿಯಲ್ಲಿ ಕೂದಲಿನ ಕೊನೆಯನ್ನು ಕಚ್ಚಿ ಹಿಡಿಯುವ ಕರಿಮರದ ತುಂಡು. ಇಂಗ್ಲಿಷರು ಇದಕ್ಕೆ ಕಪ್ಪೆ ಎನ್ನುವರು. ಕುಳಿತ ಕಪ್ಪೆಯಂತೆಯೇ ತೋರುವದರಿಂದ ನಾವೂ ಹಾಗೆಯೇ ಕರೆಯೋಣ. ಕಪ್ಪೆಯೊಳಗೆ ಹಾಯ್ದು ಬರುವ ಒಂದು ತಿರುಪು. ಅದನ್ನು ತಿರುಗಿಸಿದರೆ ಕಪ್ಪೆಯು ಹಿಂದೆ ಸರಿದು ಕೂದಲು ಬಿಗಿಯಾಗುವದು. ಕೊನೆಗೆ ಕುದುರೆಯ ಬಾಲದ ನೂರೈವತ್ತು ಇನ್ನೂರು ಬಿಳಿಯ ಕೂದಲು, ಒಂದರ ಮೇಲೊಂದು ಬೀಳದಂತೆ ಪಟ್ಟಿಯಾಗಿ ಹರಡಿದ್ದು. ಕೂದಲಿನ ಎರಡೂ ತುದಿಗಳನ್ನು ಚಿಕ್ಕ ಮರದ ಬೆಣೆಗಳಿಂದ ಬಿಗಿದಿರುವರೇ ಹೊರತು ಅಂಟು ಹಾಕಿರುವದಿಲ್ಲ. ಸವೆದಾಗ ಬೆಣೆ ತೆಗೆದು ಹೊಸ ಕೂದಲು ಹಾಕಲೆಂದೇ ಈ ಏರ್ಪಾಡು.

ಈ ರೂಪವು ಒಮ್ಮೆಲೆ ಬಂದುದಲ್ಲ. ಮೊದಲಿನ ಯುರೋಪದ ಗಜವು ನಿಜವಾಗಿಯೂ ಬಿಲ್ಲಿನಂತೆ ಹೊರಕ್ಕೆ ಬಾಗಿದ್ದಿತು. ಅಂಥ ಗಜದ ತುದಿಯಲ್ಲಿ ಬಲವಿಲ್ಲ. ಎಳೆಯುತ್ತ ಹೋದಂತೆ ಸ್ವರವು ಕ್ಷೀಣವಾಗುವದು. ಅರಮನೆಯ ಕೋಣೆಗಳಲ್ಲಿ ನಡೆಯುತ್ತಿದ್ದ ಸಂಗೀತವು ಹದಿನೆಂಟನೆಯ ಶತಮಾನದಲ್ಲಿ ಹಣ ಕೊಟ್ಟು ಬರುವ ಜನರ ದೊಡ್ಡ ಸಭೆಗಳಿಗೆ ಬಂದಿತು. ಹಿಂದಿನ ಸಾಲಿಗೂ ಕೇಳಬೇಕು, ಹಿಡಿಯಿಂದ ತುದಿಯ ವರೆಗೂ ಒಂದೇ ಬಲ ಬೇಕು ಎಂದು ವಾದಕರು ಬಯಸಲಾರಂಭಿಸಿದರು. ಇದಕ್ಕೆ ಮರುಮಾತು ಕೊಟ್ಟವನು ಪ್ಯಾರಿಸದ ಫ್ರಾನ್ಸ್ವಾ ಕ್ಸಾವಿಯೇ ತೂರ್ತ್ ಎಂಬವನು.

ತೂರ್ತನು ೧೭೪೭ರಲ್ಲಿ ಹುಟ್ಟಿದನು. ತಂದೆಯೂ ಅಣ್ಣನೂ ಗಜಕಾರರೇ. ಆದರೂ ಇವನನ್ನು ಮೊದಲು ಗಡಿಯಾರದ ಕಸಬಿಗೆ ಹಾಕಿದರು. ಎಂಟು ವರ್ಷ ಅಲ್ಲಿ ದುಡಿದು ಅದನ್ನು ಬಿಟ್ಟು ಮನೆಯ ಕಸಬಿಗೆ ಮರಳಿದನು. ಆ ಎಂಟು ವರ್ಷಗಳು ವ್ಯರ್ಥವಾಗಲಿಲ್ಲವೆಂದು ನನಗೆ ತೋರುತ್ತದೆ. ಕೂದಲೆಳೆಯಷ್ಟು ಅಂತರವನ್ನು ಕಾಣುವ ಕಣ್ಣೂ ಲೋಹವನ್ನು ಮರಕ್ಕೆ ಕೂಡಿಸುವ ಕೈಯೂ ಅವನಿಗೆ ಅಲ್ಲಿಯೇ ಬಂದಿರಬೇಕು. ಅವನಿಗೆ ಓದು ಬರಹ ಬರುತ್ತಿರಲಿಲ್ಲವೆಂದು ಬೆಲ್ಜಿಯಮಿನ ಸಂಗೀತಪಂಡಿತನಾದ ಫೇತಿಸನು ೧೮೫೬ರಲ್ಲಿ ಅಚ್ಚಾದ ತನ್ನ ಗ್ರಂಥದಲ್ಲಿ ಬರೆದಿರುವನು. ಹೊಸಬನಾಗಿದ್ದಾಗ ಒಳ್ಳೆಯ ಮರವನ್ನು ಹಾಳುಮಾಡುವ ಶಕ್ತಿಯಿಲ್ಲದೆ ಸಕ್ಕರೆಯ ಪೀಪಾಯಿಗಳ ಹಲಗೆಗಳಲ್ಲಿ ಅವನು ಕೈ ಪಳಗಿಸಿದನಂತೆ.

೧೭೮೨ರಲ್ಲಿ ಇಟಲಿಯ ಪ್ರಸಿದ್ಧ ಪಿಟೀಲುವಾದಕನಾದ ವಿಯೊತ್ತಿಯು ಪ್ಯಾರಿಸಕ್ಕೆ ಬಂದನು. ಅವನ ಸಲಹೆಯಿಂದಲೇ ತೂರ್ತನು ಹೊಸ ಗಜವನ್ನು ಸಿದ್ಧಪಡಿಸಿದನೆಂದು ಪರಂಪರೆಯಿಂದ ಹೇಳಿಕೊಂಡು ಬಂದಿರುವರು. ಸಲಹೆ ಯಾರದೇ ಇರಲಿ, ಕೆಲಸ ತೂರ್ತನದು. ಅವನು ಕಡ್ಡಿಯನ್ನು ಒಳಕ್ಕೆ, ಅಂದರೆ ಕೂದಲಿನ ಕಡೆಗೆ ಬಾಗಿಸಿದನು. ಹೀಗೆ ಬಾಗಿದ ಕಡ್ಡಿಯು ಕೂದಲನ್ನು ಬಿಗಿದಾಗ ನೆಟ್ಟಗಾಗಲು ಹವಣಿಸುವದು, ಆದರೆ ಸೋಲುವದಿಲ್ಲ. ಆ ಹೆಣಗಾಟದಲ್ಲಿಯೇ ಅದರ ಚೈತನ್ಯವಿರುವದು. ಕಡ್ಡಿಯು ಒಳಕ್ಕೆ ಬಾಗಿದ ಮೇಲೆ ಕೂದಲು ಅದಕ್ಕೆ ತಾಗಬಾರದೆಂದು ತಲೆಯನ್ನು ಎತ್ತರಿಸಿ ಕೊಡಲಿಯ ಅಲಗಿನಂತೆ ಕೆತ್ತಿದನು. ಕೂದಲು ಗುಂಪಾಗದಂತೆ ಕಪ್ಪೆಯ ಮುಂದೆ ಅರ್ಧಚಂದ್ರಾಕಾರದ ಬೆಳ್ಳಿಯ ಬಳೆಯನ್ನೂ ಮುತ್ತಿನ ಚಿಪ್ಪಿನ ಜಾರುಪಟ್ಟಿಯನ್ನೂ ಕೂಡಿಸಿದನು. ಉದ್ದವನ್ನೂ ಗೊತ್ತುಪಡಿಸಿದನು: ಪಿಟೀಲಿಗೆ ೭೪ ಇಲ್ಲವೆ ೭೫ ಸೆಂಟಿಮೀಟರು, ವಿಯೋಲಾಕ್ಕೆ ೭೪, ದೊಡ್ಡ ಚೆಲ್ಲೋ ವಾದ್ಯಕ್ಕೆ ೭೨ ಇಲ್ಲವೆ ೭೩. ಎರಡು ಶತಮಾನಗಳು ಕಳೆದರೂ ಗಜಕಾರರು ಈ ಅಳತೆಯಿಂದ ಹೆಚ್ಚು ದೂರ ಹೋಗಿಲ್ಲ.

ಕೈಕೆಲಸದ ರೀತಿಯನ್ನು ಸ್ವಲ್ಪ ವಿಸ್ತಾರವಾಗಿ ಹೇಳಬೇಕಾಗಿದೆ. ಬಾಗಿದ ಕಡ್ಡಿ ಬೇಕಾದರೆ ಹಲಗೆಯನ್ನೇ ಬಾಗಿದ ಆಕಾರದಲ್ಲಿ ಕೊಯ್ಯಬಹುದಲ್ಲವೇ ಎಂದು ಯಾರಾದರೂ ಕೇಳಬಹುದು. ಕೊಯ್ದರೆ ಮರದ ನಾರುಗಳು ನಡುನಡುವೆ ಕಡಿದುಹೋಗುವವು. ಅಂಥ ಕಡ್ಡಿ ಕೆಲವು ದಿನಗಳಲ್ಲಿಯೇ ಸೊರಗುವದು. ತೂರ್ತನು ನಾರಿನ ಗುಂಟ ನೆಟ್ಟಗೆ ಸೀಳಿದ ಕಡ್ಡಿಯನ್ನು ತೆಗೆದುಕೊಂಡು ಬೆಂಕಿಗೆ ಹಿಡಿದು, ಒಳಗಿನ ತಿರುಳಿನ ವರೆಗೂ ಕಾಯಿಸಿ, ಸ್ವಲ್ಪ ಸ್ವಲ್ಪವಾಗಿ ಬಾಗಿಸುತ್ತಿದ್ದನು. ದನಕಾಯುವ ಹುಡುಗನು ಬೆತ್ತವನ್ನು ಬೆಂಕಿಯಲ್ಲಿ ಕಾಯಿಸಿ ಕೊಕ್ಕೆ ಮಾಡುವದನ್ನು ನಮ್ಮ ವಾಚಕರು ನೋಡಿದ್ದಾರೆ. ತತ್ತ್ವವು ಅದೇ; ಆದರೆ ಇಲ್ಲಿ ಮೇಲ್ಮೈ ಮಾತ್ರ ಕಾದು ಒಳಗೆ ತಣ್ಣಗಿದ್ದರೆ ಬಾಗು ಉಳಿಯುವದಿಲ್ಲ, ಹೆಚ್ಚು ಕಾದರೆ ಮರವು ಸುಟ್ಟು ಸತ್ತುಹೋಗುವದು. ಈ ಹದವು ಪುಸ್ತಕದಿಂದ ಬರುವಂಥದಲ್ಲ.

ಕಡ್ಡಿಯನ್ನು ಮೊದಲು ಚೌಕವಾಗಿ, ಆ ಮೇಲೆ ಎಂಟು ಮೂಲೆಯಾಗಿ, ಬೇಕಾದರೆ ಕೊನೆಗೆ ದುಂಡಾಗಿ ಹೆರೆಯುವರು. ಹೆರೆಯುವ ಉಳಿಬಾಚಿಗಳು ಬೆರಳಿನಷ್ಟು ಚಿಕ್ಕವು. ಕಡ್ಡಿಯ ದಪ್ಪವು ಹಿಡಿಯಿಂದ ತುದಿಗೆ ಇಳಿಯುತ್ತ ಹೋಗುವದು. ಆ ಇಳಿಕೆಯು ಸಮಾನವಾದದ್ದಲ್ಲ. ತೂರ್ತನ ಪಿಟೀಲುಗಜಗಳನ್ನು ಅಳೆದವನು ವೀಯೋಮ್ ಎಂಬ ಪ್ರಸಿದ್ಧ ವಾದ್ಯಕಾರ. ಹಿಡಿಯ ಕಡೆಯ ೧೧೦ ಮಿಲಿಮೀಟರಿನ ವರೆಗೆ ದಪ್ಪವು ೮.೬ ಮಿಲಿಮೀಟರು ಇದ್ದು, ಅಲ್ಲಿಂದ ಒಂದು ನಿಯಮದ ಮೇರೆಗೆ ಇಳಿದು ತಲೆಯ ಹತ್ತಿರ ೫.೩ಕ್ಕೆ ಬರುವದೆಂದು ಅವನು ಕಂಡನು. ಆ ನಿಯಮವನ್ನು ಗಣಿತದ ಘಾತಗಣಕಗಳಿಂದ ತೋರಿಸಿಕೊಡಬಹುದಾಗಿದ್ದಿತು. ಅಕ್ಷರವರಿಯದ ಗಜಕಾರನ ಕೈಯು ಕಂಡುಕೊಂಡ ರೇಖೆಗೆ ಗಣಿತವು ಹಿಂದಿನಿಂದ ಬಂದು ರುಜು ಹಾಕಿತು! ನಮ್ಮ ಹಳ್ಳಿಯ ಬಡಿಗನು ಗಾಡಿಯ ಅಚ್ಚನ್ನು ಹೆರೆಯುವಾಗ ಕಣ್ಣಳತೆಯಲ್ಲಿ ಮಾಡುವದೂ ಇಂಥದೇ. ಅವನನ್ನು ಅಳೆದು ನೋಡಲು ಯಾವ ವೀಯೋಮನೂ ಬರಲಿಲ್ಲ, ಅಷ್ಟೇ.

ತೂರ್ತನು ಕಡ್ಡಿಗೆ ಬಣ್ಣದೆಣ್ಣೆ ಹಚ್ಚದೆ ಕಡಲುನೊರೆಗಲ್ಲಿನ ಪುಡಿಯಿಂದಲೂ ಎಣ್ಣೆಯಿಂದಲೂ ತಿಕ್ಕಿ ಮೆರುಗು ಕೊಡುತ್ತಿದ್ದನೆಂದು ಹೇಳುವರು. ಆಮೆಚಿಪ್ಪು ಬಂಗಾರಗಳಿಂದ ಕೂಡಿದ ಗಜಕ್ಕೆ ಅವನು ಹನ್ನೆರಡು ಲೂಯಿ ನಾಣ್ಯಗಳನ್ನು ತೆಗೆದುಕೊಳ್ಳುತ್ತಿದ್ದನೆಂದು ಫೇತಿಸನ ಲೆಕ್ಕ. ಇಳಿವಯಸ್ಸಿನ ವರೆಗೆ ದುಡಿದು, ಕೆಲಸ ಮುಗಿದ ಮೇಲೆ ಸೇನ್ ನದಿಯ ದಂಡೆಯಲ್ಲಿ ಗಾಳ ಹಾಕಿ ಕೂಡುವದು ಅವನ ವಿನೋದವಾಗಿದ್ದಿತು. ೧೮೩೫ರಲ್ಲಿ ತೀರಿಕೊಂಡನು. ತನ್ನ ಗಜಗಳ ಮೇಲೆ ಹೆಸರು ಒತ್ತುವ ರೂಢಿ ಅವನಿಗೆ ಇದ್ದಂತಿಲ್ಲ. ಕೆಲವೇ ಗಜಗಳಲ್ಲಿ ೧೮೨೪ನೆಯ ಇಸವಿಯನ್ನೂ ತನ್ನ ಎಪ್ಪತ್ತೇಳು ವರ್ಷಗಳ ವಯಸ್ಸನ್ನೂ ಕಾಣಿಸಿದ ಚೀಟಿ ಸಿಕ್ಕಿರುವದು.

ಇನ್ನು ಮರದ ಮಾತು. ಇದರಲ್ಲಿ ನಮ್ಮ ದೇಶದ ಪಾಲೂ ಇರುವದರಿಂದ ಇಲ್ಲಿ ತುಸು ನಿಲ್ಲುವೆನು. ತೂರ್ತನ ಗಜದ ಮರವು ಬ್ರಝಿಲ್ ದೇಶದ ಪೆರ್ನಾಂಬುಕೊ ಪ್ರಾಂತದ್ದು. ಭಾರವಾದದ್ದು, ಬಿರುಸಾದದ್ದು, ಆದರೂ ಬಾಗಿ ಬಾಗಿ ಮತ್ತೆ ತನ್ನ ಸ್ಥಿತಿಗೆ ಬರುವಂಥದು. ಅದು ಯುರೋಪಕ್ಕೆ ಬರುತ್ತಿದ್ದುದು ವಾದ್ಯಕ್ಕಾಗಿ ಅಲ್ಲ, ಬಣ್ಣಕ್ಕಾಗಿ. ಅದರ ತಿರುಳನ್ನು ಪುಡಿಮಾಡಿ ಕುದಿಸಿದರೆ ಕೆಂಪು ಬಣ್ಣ ಬಿಡುವದು. ಆಮ್ಸ್ಟರ್ಡಾಮದಲ್ಲಿ ೧೫೯೬ರಲ್ಲಿ ತೆರೆದ ಒಂದು ಸೆರೆಮನೆಯಲ್ಲಿ ಕೈದಿಗಳು ಈ ಗಟ್ಟಿಮರವನ್ನು ಅರದಿಂದ ಉಜ್ಜಿ ಪುಡಿಮಾಡುವದೇ ಶಿಕ್ಷೆಯಾಗಿದ್ದಿತು. ಆ ಸೆರೆಮನೆಗೆ ಅರದ ಮನೆ ಎಂದೇ ಹೆಸರಾಯಿತು. ಬಣ್ಣಗಾರರಿಗಾಗಿ ಬಂದ ಸೊಟ್ಟ ದಿಮ್ಮಿಗಳ ರಾಶಿಯಲ್ಲಿ ಗಂಟಿಲ್ಲದ, ನಾರು ನೆಟ್ಟಗಿರುವ ತುಂಡನ್ನು ಗಜಕಾರರು ಹೆಕ್ಕಿ ತೆಗೆಯಬೇಕಾಗಿದ್ದಿತು. ನೆಪೋಲಿಯನ್ನನ ಕಾಲದ ಕಡಲಯುದ್ಧಗಳಿಂದ ಹಡಗುಗಳು ನಿಂತಾಗ ಇದರ ಬೆಲೆ ವಿಪರೀತ ಏರಿತು.

ಆದರೆ ‘ಬ್ರಝಿಲ್’ ಎಂಬ ಹೆಸರು ಆ ಮರಕ್ಕೆ ದೇಶದಿಂದ ಬಂದುದಲ್ಲ. ದೇಶಕ್ಕೇ ಮರದಿಂದ ಬಂದುದು. ಪೋರ್ತುಗೀಜರ ಕಬ್ರಾಲನು ೧೫೦೦ರಲ್ಲಿ ಆ ತೀರವನ್ನು ಕಾಣುವದಕ್ಕಿಂತ ಎಷ್ಟೋ ಮೊದಲು ಯುರೋಪದ ಪೇಟೆಗಳಲ್ಲಿ ‘ಬ್ರಝಿಲ್’ ಎಂದು ಮಾರುತ್ತಿದ್ದ ಕೆಂಪು ಬಣ್ಣದ ಮರವು ಪೂರ್ವದೇಶಗಳದು. ಹದಿಮೂರನೆಯ ಶತಮಾನದ ಪ್ರವಾಸಿಯಾದ ಮಾರ್ಕೊ ಪೋಲೊ ಕೊಲ್ಲಮ್ಮಿನಲ್ಲಿ ದೊರೆಯುವ ಈ ಮರವನ್ನು ಹೊಗಳಿರುವನು. ಅದು ಬೇರೆ ಯಾವದೂ ಅಲ್ಲ, ಸಂಸ್ಕೃತದಲ್ಲಿ ಪತ್ರಾಂಗವೆಂದೂ ಕನ್ನಡದಲ್ಲಿ ಪತಂಗವೆಂದೂ ಸಪ್ಪಂಗವೆಂದೂ ಕರೆಯುವ ಮರವೇ. ಕೇರಳದ ಊಟದ ಮನೆಗಳಲ್ಲಿ ಕೊಡುವ ನಸುಗೆಂಪಿನ ಬಿಸಿನೀರಿಗೆ ಇದೇ ಪತಂಗದ ಚಕ್ಕೆಯಿಂದ ಬಣ್ಣ ಬರುವದು. ಹೊಸ ಭೂಮಿಯಲ್ಲಿ ಪತಂಗದ ಜ್ಞಾತಿಯಾದ ಮರವನ್ನು ರಾಶಿರಾಶಿಯಾಗಿ ಕಂಡ ವ್ಯಾಪಾರಿಗಳು ಅದಕ್ಕೂ ಆ ಹೆಸರನ್ನೇ ಕೊಟ್ಟರು. ಮರದ ಹೆಸರು ಭೂಮಿಗೆ ಅಂಟಿತು. ಮಲೆಯಾಳದ ಸರಕಿನ ಹೆಸರೊಂದು ಅಟ್ಲಾಂಟಿಕ ಸಮುದ್ರ ದಾಟಿ ದೇಶನಾಮವಾಗಿ ಕುಳಿತ ಈ ಬಗೆಯನ್ನು ನೋಡಿದರೆ ನಿರುಕ್ತಕಾರರಿಗೂ ಬೆರಗಾದೀತು.

ಬಣ್ಣಕ್ಕಾಗಿ ಕಡಿದು ಕಡಿದು, ಮೇಲೆ ಕಾಡನ್ನೇ ಸವರಿ ಹೊಲ ಊರುಗಳನ್ನು ಮಾಡಿ, ಬ್ರಝಿಲಿನ ತೀರದಲ್ಲಿ ಈ ಮರವು ಈಗ ಅಪರೂಪವಾಗಿರುವದು. ೨೦೦೭ರಲ್ಲಿ ಇದನ್ನು ಅಂತರರಾಷ್ಟ್ರೀಯ ಒಪ್ಪಂದದ ರಕ್ಷಿತ ಸಸ್ಯಗಳ ಪಟ್ಟಿಯಲ್ಲಿ ಸೇರಿಸಿದರು. ಗಜಕಾರರೇ ಚಂದಾ ಕೂಡಿಸಿ ಸಸಿ ನೆಡಿಸುತ್ತಿರುವರು. ಇಂಗಾಲದ ನಾರಿನಿಂದ ಮಾಡಿದ ಗಜಗಳೂ ಪೇಟೆಗೆ ಬಂದಿವೆ. ಅವು ಮಳೆಗೂ ಬಿಸಿಲಿಗೂ ಬಗ್ಗುವದಿಲ್ಲ. ಹಳೆಯ ಗಜದ ತಲೆಗೆ ಹಚ್ಚುತ್ತಿದ್ದ ಆನೆದಂತದ ತೆಳುಪಟ್ಟಿಯೂ ೧೯೮೯ರ ನಿರ್ಬಂಧದ ತರುವಾಯ ಗಡಿ ದಾಟುವಾಗ ತೊಡಕಿಗೆ ಕಾರಣವಾಗುತ್ತದೆ.

ತೂರ್ತನ ತರುವಾಯ ಈ ಕಸಬಿನ ಮುಖ್ಯ ತವರು ಪೂರ್ವ ಫ್ರಾನ್ಸಿನ ಮಿರೆಕೂರ್ ಎಂಬ ಸಣ್ಣ ಊರು. ಕಸೂತಿಜಾಲರಿಗೂ ಪಿಟೀಲಿಗೂ ಹೆಸರಾದ ಊರದು. ಮೇಲೆ ಹೇಳಿದ ವೀಯೋಮನು ೧೭೯೮ರಲ್ಲಿ ಅಲ್ಲಿಯೇ ಹುಟ್ಟಿದನು. ಕ್ಷೌರಿಕನ ಮಗನಾದ ದೊಮಿನಿಕ್ ಪೆಕಾತನು ೧೮೧೦ರಲ್ಲಿ ಅಲ್ಲಿ ಹುಟ್ಟಿ, ಹದಿನಾರನೆಯ ವಯಸ್ಸಿನಲ್ಲಿ ಪ್ಯಾರಿಸಕ್ಕೆ ಹೋಗಿ ವೀಯೋಮನ ಕಾರ್ಖಾನೆಯನ್ನು ಸೇರಿದನು. ವ್ವಾರೆನ್ ಎಂಬವನೂ ಅದೇ ಊರಿನವನು, ಅದೇ ಕಾರ್ಖಾನೆಯಲ್ಲಿ ದುಡಿದವನು. ೧೯೪೬ರ ವರೆಗೆ ಬದುಕಿದ್ದ ಸಾರ್ತೊರಿಯೂ ಮಿರೆಕೂರಿನವನೇ. ವೀಯೋಮನ ಕಾರ್ಖಾನೆಯಲ್ಲಿ ಇಂಥ ಪ್ರವೀಣರು ಮಾಡಿದ ಗಜಗಳ ಮೇಲೆ ಒತ್ತುತ್ತಿದ್ದುದು ಒಡೆಯನ ಹೆಸರು. ಆದರೂ ಬಲ್ಲವರು ತಲೆಯ ಕೆತ್ತನೆ, ಮೂತಿಯ ಓರೆ, ಬಾಚಿಯ ಗುರುತುಗಳನ್ನು ನೋಡಿ ಇದು ಪೆಕಾತನ ಕೈ, ಇದು ವ್ವಾರೆನನ ಕೈ ಎಂದು ಬಿಡಿಸಿ ಹೇಳುವರು. ಲಿಪಿಕಾರನ ಹೆಸರಿಲ್ಲದ ಓಲೆಗರಿಯನ್ನು ಅಕ್ಷರದ ಮೋಡಿಯಿಂದ ಗುರುತಿಸುವಂತೆ ಇದು. ಒಡೆಯನ ಮುದ್ರೆಯ ಕೆಳಗಿಂದಲೂ ಆಳಿನ ಹೆಸರನ್ನು ಎತ್ತಿ ತೆಗೆದ ಆ ದೇಶದವರ ಶ್ರದ್ಧೆಯನ್ನು ಮೆಚ್ಚಬೇಕು.

ಈಗ ನಮ್ಮ ಸೀಮೆಗೆ ಬರೋಣ. ಗಜದಿಂದ ತಂತಿಯನ್ನು ಉಜ್ಜಿ ನುಡಿಸುವ ಪದ್ಧತಿ ನಮಗೆ ಪಿಟೀಲಿನ ಸಂಗಡ ಬಂದಿತೆಂದು ತಿಳಿದವರಿದ್ದಾರೆ. ಹಾಗಲ್ಲ. ದೇವಗಿರಿಯ ಯಾದವ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವನು ಹದಿಮೂರನೆಯ ಶತಮಾನದಲ್ಲಿ ‘ಸಂಗೀತರತ್ನಾಕರ’ವನ್ನು ಬರೆದನು. ಆ ಸಿಂಘಣನ ಆಳಿಕೆಗೆ ನಮ್ಮ ಧಾರವಾಡ ಸೀಮೆಯೂ ಒಳಪಟ್ಟಿದ್ದಿತು. ಅದರ ವಾದ್ಯಾಧ್ಯಾಯದಲ್ಲಿ ಪಿನಾಕೀ ಎಂಬ ವೀಣೆ ಬರುತ್ತದೆ. ಶಿವನ ಬಿಲ್ಲಾದ ಪಿನಾಕದ ಹೆಸರನ್ನು ಹೊತ್ತ ಈ ವಾದ್ಯವನ್ನು ನುಡಿಸಲು ಕುದುರೆಯ ಬಾಲದ ಕೂದಲನ್ನು ಕಟ್ಟಿ ರಾಳ ಸವರಿದ ಚಾಪವೊಂದನ್ನು ಅವನು ವಿಧಿಸಿರುವನು. ಬಿಲ್ಲಿನ ಹೆದೆಯಿಂದ ನಾದ ಹುಟ್ಟುವದೆಂಬದು ನಮ್ಮ ಎರೆಯ ನಾಡಿನವರಿಗೆ ಹೊಸ ಮಾತಲ್ಲ. ನವಲಗುಂದ ಅಣ್ಣಿಗೇರಿಗಳ ಓಣಿಗಳಲ್ಲಿ ಪಿಂಜಾರರು ಹತ್ತಿ ಹಿಂಜುವಾಗ ಅವರ ಬಿಲ್ಲಿನ ಹೆದೆಯು ಝೇಂಕರಿಸುತ್ತಿದ್ದುದನ್ನು ನನ್ನ ವಯಸ್ಸಿನವರು ಬಲ್ಲರು.

ಪಿಟೀಲು ದಕ್ಷಿಣಕ್ಕೆ ಬಂದುದು ತೂರ್ತನ ಜೀವಮಾನದಲ್ಲಿಯೇ. ಮುತ್ತುಸ್ವಾಮಿ ದೀಕ್ಷಿತರ ತಮ್ಮನಾದ ಬಾಲುಸ್ವಾಮಿ ದೀಕ್ಷಿತರು (೧೭೮೬–೧೮೫೮) ಮದರಾಸಿನಲ್ಲಿ ಐರೋಪ್ಯ ವಾದಕನಿಂದ ಅದನ್ನು ಕಲಿತು ನಮ್ಮ ಸಂಗೀತಕ್ಕೆ ಹೊಂದಿಸಿದರು. ತಂಜಾವೂರಿನ ವಡಿವೇಲುವಿಗೆ ತಿರುವಾಂಕೂರಿನ ಸ್ವಾತಿ ತಿರುನಾಳ್ ಮಹಾರಾಜರು ೧೮೩೪ರಲ್ಲಿ ದಂತದ ಪಿಟೀಲನ್ನು ಬಹುಮಾನವಾಗಿ ಕೊಟ್ಟರು. ಮುಂದೆ ತಿರುಮಕೂಡಲು ಚೌಡಯ್ಯನವರು ಏಳು ತಂತಿಯ ಪಿಟೀಲಿನಿಂದ ದೊಡ್ಡ ಸಭೆಗಳನ್ನು ತುಂಬಿಸಿದರು. ಬಾಲಮುರಳೀಕೃಷ್ಣರು ವಿಯೋಲಾವನ್ನೇ ಕರ್ನಾಟಕ ಸಂಗೀತಕ್ಕೆ ತಂದು ನುಡಿಸಿದರು. ಗದುಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರಿ ಗವಾಯಿಗಳೂ ಪುಟ್ಟರಾಜ ಗವಾಯಿಗಳೂ ಕಣ್ಣಿಲ್ಲದ ಮಕ್ಕಳ ಕೈಗೆ ಪಿಟೀಲನ್ನು ಕೊಟ್ಟರು. ವಾದ್ಯವನ್ನು ಹಿಡಿಯುವ ರೀತಿ ಬದಲಾಯಿತು, ಶ್ರುತಿ ಬದಲಾಯಿತು. ಗಜ ಮಾತ್ರ ತೂರ್ತನದೇ ಉಳಿಯಿತು. ಧಾರವಾಡದ ಯಾವ ಓಣಿಯಲ್ಲಿ ಪಿಟೀಲು ಕೇಳಿದರೂ ಆ ಗಡಿಯಾರದವನ ಕೈ ಅಲ್ಲಿರುವದು.

ಗಜವು ತಂತಿಯನ್ನು ಎಳೆಯುವಾಗ ಏನಾಗುವದೆಂಬುದನ್ನು ಗಣಿತದಿಂದ ಬಿಡಿಸಿದವರಲ್ಲಿಯೂ ನಮ್ಮವರೊಬ್ಬರು ಇದ್ದಾರೆ. ರಾಳ ಹತ್ತಿದ ಕೂದಲು ತಂತಿಯನ್ನು ಕಚ್ಚಿ ಸ್ವಲ್ಪ ದೂರ ಒಯ್ಯುವದು, ತಂತಿಯು ಜಾರಿ ಹಿಂದೆ ಬರುವದು, ಮತ್ತೆ ಕಚ್ಚುವದು. ಇದು ಕ್ಷಣಕ್ಕೆ ನೂರಾರು ಸಲ. ಜರ್ಮನಿಯ ಹೆಲ್ಮ್‌ಹೋಲ್ಟ್ಸನು ಕಂಡ ಈ ಚಲನೆಗೆ ೧೯೧೮ರಲ್ಲಿ ಕಲಕತ್ತೆಯಿಂದ ವಿಸ್ತಾರವಾದ ಸಿದ್ಧಾಂತವನ್ನು ಪ್ರಕಟಿಸಿದವರು ಚಂದ್ರಶೇಖರ ವೆಂಕಟರಾಮನ್. ಬೆಳಕಿನ ಶೋಧಕ್ಕಾಗಿ ೧೯೩೦ರಲ್ಲಿ ನೊಬೆಲ್ ಪಾರಿತೋಷಕ ಪಡೆದು, ೧೯೩೩ರಿಂದ ಬೆಂಗಳೂರಿನಲ್ಲಿ ನೆಲಸಿದ ಆ ರಾಮನ್ನರೇ.

ಸಾರಂಗಿಯ ಗಜದ ಕಥೆ ಬೇರೆ. ಒಂದೇ ಮರದ ತುಂಡಿನಲ್ಲಿ ತೋಡಿ ತೊಗಲು ಹೊದಿಸಿದ ಆ ವಾದ್ಯಕ್ಕೆ ಮೂರು ನರದ ತಂತಿಗಳು. ಅವುಗಳ ಕೆಳಗೆ ಮೂವತ್ತಕ್ಕೂ ಮಿಕ್ಕಿದ ಲೋಹದ ತಂತಿಗಳು ತಾವಾಗಿಯೇ ಅನುರಣಿಸುವವು. ನೂರು ಬಣ್ಣದ್ದು ಎಂಬರ್ಥದ ‘ಸೌ ರಂಗೀ’ ಎಂಬುದರಿಂದ ಹೆಸರು ಬಂದಿತೆಂದು ಜನ ಹೇಳುವರು. ನನಗೆ ಅದು ಕೇಳಲು ಸೊಗಸಾದ ವ್ಯುತ್ಪತ್ತಿಯೆಂದಷ್ಟೇ ತೋರುತ್ತದೆ. ಇದರ ಗಜವು ಪಿಟೀಲಿನದಕ್ಕಿಂತ ದಪ್ಪ, ಭಾರ. ಹಳೆಯ ಬಿಲ್ಲಿನಂತೆ ಹೊರಕ್ಕೇ ಬಾಗಿದ್ದು. ಅಂಗೈ ಮೇಲಾಗಿ ಹಿಡಿಯುವರು. ನಮ್ಮವರಿಗೆ ತೂರ್ತನಂಥವನೊಬ್ಬನು ಹುಟ್ಟಲಿಲ್ಲವೆಂದು ಇದಕ್ಕೆ ಹಿಂದುಳಿದುದೆನ್ನಬಾರದು. ಅವರ ಸಂಗೀತಕ್ಕೆ ಗಜವು ತಂತಿಯ ಮೇಲೆ ಪುಟಿಯಬೇಕಾಗಿದ್ದಿತು. ನಮ್ಮ ಖ್ಯಾಲಿಗೆ ಅದು ಪುಟಿಯಬಾರದು. ಗವಾಯಿಯ ಒಂದು ಉಸಿರು ಮುಗಿಯುವ ವರೆಗೆ, ಮೀಂಡಿನ ಎಳೆ ಕಡಿಯದಂತೆ, ಗಜವು ನಡೆಯಬೇಕು. ಭಾರವೇ ಅದರ ಗುಣ.

ಕುಂದಗೋಳವು ಆಗ ಜಮಖಂಡಿ ಸಂಸ್ಥಾನಕ್ಕೆ ಸೇರಿದ ಊರು. ಅಲ್ಲಿಯ ನಾಡಗೀರರ ವಾಡೆಗೆ ಬರುತ್ತಿದ್ದ ಉಸ್ತಾದ ಅಬ್ದುಲ ಕರೀಮಖಾನರು (೧೮೭೨–೧೯೩೭) ಉತ್ತರದ ಕಿರಾಣಾ ಗ್ರಾಮದವರು. ಸಾರಂಗಿಯ ಮನೆತನ ಅವರದು. ಅವರು ಸ್ವತಃ ಮೊದಲಿಗೆ ಸಾರಂಗಿ ಕಲಿತವರು. ಆ ಕಾಲದಲ್ಲಿ ಸಾರಂಗಿಯೆಂದರೆ ನಾಚುವವರ ಮನೆಯ ವಾದ್ಯವೆಂದು ಸಭ್ಯರೆನಿಸಿಕೊಂಡವರು ಮೂಗು ಮುರಿಯುತ್ತಿದ್ದರು. ಗಜ ಹಿಡಿದವನು ಹಿಂದೆ ಕುಳಿತುಕೊಳ್ಳಬೇಕು, ಬಾಯಿ ತೆರೆದವನು ಮುಂದೆ. ಎಷ್ಟೋ ಸಾರಂಗಿಯ ಮನೆತನಗಳು ಗಜವನ್ನು ಕೆಳಗಿಟ್ಟು ಗಾಯನಕ್ಕೆ ತಿರುಗಿದುದಕ್ಕೆ ಈ ಅವಮಾನವೂ ಒಂದು ಕಾರಣ. ಇದನ್ನು ಮುಚ್ಚಿಡುವದರಲ್ಲಿ ಅರ್ಥವಿಲ್ಲ. ಆದರೆ ಕೆಳಗಿಟ್ಟ ಗಜವು ಕಂಠವನ್ನು ಬಿಡಲಿಲ್ಲ. ಕಿರಾಣಾ ಗಾಯಕಿಯಲ್ಲಿ ಒಂದೊಂದು ಸ್ವರವನ್ನು ಎಳೆದು ನಿಲ್ಲಿಸುವ, ಒಂದರಿಂದ ಇನ್ನೊ೦ದಕ್ಕೆ ಅಂಚು ತೋರದಂತೆ ಸಾಗುವ ಆ ನಿಧಾನದ ಬಡತ್ ಎಲ್ಲಿಂದ ಬಂದಿತು? ಸಾರಂಗಿಯ ಗಜದ ಓಟವನ್ನು ಒಮ್ಮೆ ಕೇಳಿ ಆ ಮೇಲೆ ಖಾನ್ ಸಾಹೇಬರ ಹಳೆಯ ತಟ್ಟೆಗಳನ್ನು ಕೇಳಿದರೆ ಉತ್ತರ ದೊರೆಯುವದೆಂದು ನನ್ನ ನಂಬುಗೆ. ಅವರ ಶಿಷ್ಯರಾದ ಸವಾಯಿ ಗಂಧರ್ವರು (೧೮೮೬–೧೯೫೨) ಕುಂದಗೋಳದಲ್ಲಿ ಕಲಿಸಿದರು. ಹುಬ್ಬಳ್ಳಿಯಿಂದ ಉಗಿಬಂಡಿಯಲ್ಲಿ ಬಂದು ಕಲಿತ ಗಂಗೂಬಾಯಿ ಹಾನಗಲ್ಲರೂ, ಗುರುಗೃಹದಲ್ಲಿದ್ದು ಕಲಿತ ಭೀಮಸೇನ ಜೋಶಿಯವರೂ ಆ ಎಳೆಯನ್ನು ದೇಶಕ್ಕೆಲ್ಲ ಹಂಚಿದರು. ಹೀಗೆ ನೋಡಿದರೆ ನಮ್ಮ ಜಿಲ್ಲೆಯ ಕೀರ್ತಿಯ ಬುಡದಲ್ಲಿ ಹೆಸರಿಲ್ಲದ ಯಾವನೋ ಮಾಡಿದ ಒಂದು ಗಜವಿರುವದು.

ಸಾರಂಗಿಯು ಇದ್ದ ಸ್ಥಾನದಲ್ಲಿ ಬಂದು ಕುಳಿತುದು ಹಾರ್ಮೋನಿಯಮ್ಮು. ವಿಚಿತ್ರವೆಂದರೆ ಅದೂ ಪ್ಯಾರಿಸದ್ದೇ. ತೂರ್ತನು ತೀರಿಕೊಂಡ ಕೆಲವು ವರ್ಷಗಳಲ್ಲಿಯೇ ದೆಬೆಂ ಎಂಬವನು ಅದನ್ನು ಅಲ್ಲಿ ರೂಪಿಸಿದನು. ಕಲಕತ್ತೆಯ ದ್ವಾರಕಾನಾಥ ಘೋಷರು ಅದನ್ನು ನೆಲದ ಮೇಲೆ ಕುಳಿತು ಕೈಯಿಂದ ಗಾಳಿ ಹಾಕುವ ಪೆಟ್ಟಿಗೆಯಾಗಿ ಮಾಡಿದರು. ಶ್ರುತಿ ಮಾಡುವ ಕಾಟವಿಲ್ಲ, ಹೊತ್ತೊಯ್ಯಲು ಸುಲಭ, ತಿಂಗಳೆರಡರಲ್ಲಿ ಕೈಗೆ ಬರುವದು. ನಾಟಕ ಕಂಪನಿಗಳೂ ಭಜನಾಮಂಡಳಿಗಳೂ ಅದನ್ನು ಅಪ್ಪಿಕೊಂಡುವು. ಬಾಲಗಂಧರ್ವರ ಕಂಪನಿಯಲ್ಲಿ ಕಾದರಬಕ್ಷರ ಸಾರಂಗಿಯೂ ಇದ್ದಿತೆಂಬದು ವಿಶೇಷವಾಗಿ ಹೇಳುವ ಮಾತಾಯಿತು. ಮನೆತನದ ವಿದ್ಯೆಯಾಗಿ ಇಪ್ಪತ್ತು ವರ್ಷ ಕಲಿಯಬೇಕಾದ ವಾದ್ಯವು ಅದರೊಡನೆ ಹೇಗೆ ಸ್ಪರ್ಧಿಸೀತು? ಪೆಟ್ಟಿಗೆಯಲ್ಲಿ ಮೀಂಡು ಇಲ್ಲವೆಂದು ೧೯೪೦ರಲ್ಲಿ ಆಕಾಶವಾಣಿಯು ಅದನ್ನು ಹೊರಗಿಟ್ಟು ೧೯೭೧ರ ವರೆಗೆ ಒಳಗೆ ಬಿಡಲಿಲ್ಲ. ೧೯೫೦ರ ಜನವರಿಯಲ್ಲಿ ಧಾರವಾಡದ ನಿಲಯವು ಆರಂಭವಾದಾಗಲೂ ಈ ನಿಷೇಧ ಜಾರಿಯಲ್ಲಿದ್ದಿತು. ಆ ಮೂವತ್ತು ವರ್ಷಗಳಲ್ಲಿ ರೇಡಿಯೊ ನೌಕರಿಯ ಅನ್ನ ಸಿಕ್ಕುದರಿಂದ ಕೆಲವು ಸಾರಂಗಿಯ ಮನೆಗಳಾದರೂ ಉಳಿದುವು. ಧಾರವಾಡದಿಂದ ಬಂದ ಉಸ್ತಾದ ಫಯಾಜಖಾನರು ಸಾರಂಗಿಯಲ್ಲಿಯೂ ಗಾಯನದಲ್ಲಿಯೂ ಹೆಸರು ಪಡೆದಿರುವರು.

ನಮ್ಮ ತಾಲೂಕುಗಳ ಹಳೆಯ ವಾಡೆಗಳಲ್ಲಿ, ನಾಟಕಮಂಡಳಿಗಳ ಸಂದೂಕುಗಳಲ್ಲಿ, ಮಠದ ಅಟ್ಟಗಳ ಮೇಲೆ, ತಂತಿ ಕಳಚಿದ ಸಾರಂಗಿಯೋ ಪಿಟೀಲೋ ಇನ್ನೂ ಅಲ್ಲಲ್ಲಿ ಇರಬಹುದು. ಅದರ ಪಕ್ಕದ ಕಡ್ಡಿಯನ್ನು ಒಲೆಗೆ ಹಾಕಬೇಡಿರಿ. ಉದ್ದವೆಷ್ಟು, ತೂಕವೆಷ್ಟು, ಹೊರಕ್ಕೆ ಬಾಗಿದೆಯೋ ಒಳಕ್ಕೋ, ಮರ ಕರಿಯದೋ ಕೆಂಪಿನದೋ, ಕೂದಲನ್ನು ಬೆಣೆಯಿಂದ ಬಿಗಿದಿದೆಯೋ ದಾರದಿಂದ ಕಟ್ಟಿದೆಯೋ, ಹಿಡಿಯ ಮೇಲ್ಭಾಗದಲ್ಲಿ ಸಣ್ಣ ಅಕ್ಷರಗಳ ಮುದ್ರೆಯುಂಟೋ, ಯಾರು ನುಡಿಸುತ್ತಿದ್ದರು, ಯಾವ ಊರಿನಲ್ಲಿ ಮಾಡಿಸಿದ್ದರು ಎಂಬಷ್ಟನ್ನು ಬರೆದು ನಮ್ಮ ಸಂಘಕ್ಕೆ ಕಳುಹಿದರೆ ಒಂದು ಪಟ್ಟಿಯನ್ನಾದರೂ ಮಾಡಬಹುದು. ಮನೆಯ ಹಿರಿಯರಿಗೆ ಗಜ ಮಾಡಿದವನ ಹೆಸರು ನೆನಪಿದ್ದರೆ ಅದನ್ನು ಮೊದಲು ಬರೆಯಿರಿ.